ಕಾಲು ಕತ್ತರಿಸಿದ ಟ್ರಾನ್ಸಿಸ್ಟರ್

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಬಿಸಿಯಾದ ಟ್ರಾನ್ಸಿಸ್ಟರುಗಳನ್ನು ಮುಟ್ಟಿ ಮುಟ್ಟಿ ಅಲ್ಲಿನ ಚರ್ಮ ಸುಟ್ಟು, ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ಕಾಲೇಜಿಗೆ ಬೆರಳಚ್ಚಿನ ಹಾಜರಿ ಯಂತ್ರ ಬಂದಾಗ ಅದು ಅವರನ್ನು ಗುರುತಿಸಲೇ ಇಲ್ಲ. "ನೋಡಿದ್ಯಾ, ಇಪ್ಪತ್ತು ವರ್ಷ ದುಡಿದವನನ್ನ ಈ ಡಬ್ಬಿ ನೀನ್ಯಾರು ಅಂತ ಕೇಳ್ತದೆ" ಎಂದು ಅವರು ನಕ್ಕಿದ್ದರು. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ.

ತೀರ್ಥಹಳ್ಳಿಯಲ್ಲಿ ನಾನು ಬಿಎಸ್ಸಿ ಓದಿದ ಕಾಲೇಜಿನ ಹೆಸರು ಬೇಡ. ಅವರು ಅಲ್ಲಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಅಟೆಂಡರ್. ಅರಳಸುರಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ನಮಗೆಲ್ಲ ಅಟೆಂಡರಣ್ಣ. ಸಾಮಾನು ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ಬೆಂಚು ಒರೆಸುವುದು ಅವರ ಕೆಲಸ. ಪಾಠ ಮಾಡುವುದು ವಿಭಾಗದ ಮುಖ್ಯಸ್ಥರಾದ ಸರ್ ಅವರದು. ಆ ಮಹಾನುಭಾವರು ಮೂರು ವರ್ಷ ಮಾಡಿದ್ದು ಪಾಠವಲ್ಲ, ಉಕ್ತಲೇಖನ. ಹಳದಿಗಟ್ಟಿದ ನೋಟ್ಸ್ ಹಿಡಿದು, ಅರೆವಾಹಕ ಎಂದರೇನು ಎಂಬಲ್ಲಿಂದ ಆಂಪ್ಲಿಫೈಯರಿನ ತನಕ ಕೋಮಾ ಫುಲ್‌ಸ್ಟಾಪ್ ಸಮೇತ ಬರೆಸಿದರು. ಏನಾದರೂ ಕೇಳಿದರೆ "ಅದು ಪರೀಕ್ಷೆಗೆ ಬರಲ್ಲ, ಬಿಡಮ್ಮ" ಅನ್ನುವರು. ಆ "ಬಿಡಮ್ಮ" ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಲ್ಯಾಬಿನಲ್ಲೊಂದು ಸಂಪ್ರದಾಯವಿತ್ತು. ಸೀನಿಯರುಗಳ ಹಳೆಯ ರೆಕಾರ್ಡ್ ಪುಸ್ತಕ ಬ್ಯಾಚಿನಿಂದ ಬ್ಯಾಚಿಗೆ ಇಳಿದು ಬರುತ್ತಿತ್ತು. ಮೊದಲು ಅದರ ಗ್ರಾಫ್ ನಕಲು ಮಾಡುವುದು, ಆಮೇಲೆ ಗ್ರಾಫ್ ನೋಡಿ ರೀಡಿಂಗ್ ಬರೆಯುವುದು, ಹೊತ್ತು ಉಳಿದರೆ ಸರ್ಕ್ಯೂಟ್ ಜೋಡಿಸುವುದು! ಡಬ್ಬಿಯಲ್ಲಿನ ಅರ್ಧ ಟ್ರಾನ್ಸಿಸ್ಟರುಗಳು ಸತ್ತಿದ್ದರೂ ಎಲ್ಲರ ರೆಕಾರ್ಡಿನಲ್ಲೂ ಆಂಪ್ಲಿಫೈಯರ್ ಸೊಗಸಾಗಿ ನಡೆಯುತ್ತಿತ್ತು. ಹೊಸವು ಇರಲಿಲ್ಲವೆಂದಲ್ಲ. ಇನ್‌ಸ್ಪೆಕ್ಷನ್ ಕಮಿಟಿಗೆ ತೋರಿಸಲಿಕ್ಕೆಂದು ಸರ್ ಅವನ್ನು ಕವರು ಬಿಚ್ಚದೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕಮಿಟಿಗೆ ಹೊಸದು, ಮಕ್ಕಳಿಗೆ ಸತ್ತದ್ದು. ಥೂ!

ಒಂದು ದಿನ ನಾನೂ ಗ್ರಾಫ್ ಇಳಿಸಿಕೊಳ್ಳುತ್ತ ಕೂತಿದ್ದೆ. ಬೆಂಚು ಒರೆಸುತ್ತ ಬಂದ ಅಟೆಂಡರಣ್ಣ ನಿಂತರು.

"ಎಂತ ಮಾರಾಯ್ತಿ, ಉಂಡಾದ ಮೇಲೆ ಅಕ್ಕಿ ತೊಳೆಯೋದಾ?"

ನನಗೆ ನಾಚಿಕೆಯಾಯಿತು. ಅವರು ಬಟ್ಟೆ ಹೆಗಲಿಗೆ ಹಾಕಿಕೊಂಡು ಮಲ್ಟಿಮೀಟರ್ ನನ್ನ ಕೈಗೆ ಕೊಟ್ಟರು. "ಸಿಗ್ನಲ್ ಆಮೇಲೆ. ಮೊದ್ಲು ಜೀವ ಇದ್ಯಾ ನೋಡು. ಬೇಸ್ ಕಾಲಿಗೂ ಎಮಿಟರ್ ಕಾಲಿಗೂ ನಡುವೆ ಪಾಯಿಂಟ್ ಆರೋ ಏಳೋ ವೋಲ್ಟ್ ಬಂತಾ? ಹಂಗಾರೆ ಉಸಿರಾಡ್ತಾ ಇದೆ." ನನ್ನದಕ್ಕೆ ಜೀವವಿರಲಿಲ್ಲ. ಅವರು ಕಟಿಂಗ್ ಪ್ಲೇಯರ್ ತೆಗೆದು ಅದರ ಮೂರೂ ಕಾಲುಗಳನ್ನು ಕಚಕ್ಕನೆ ಕತ್ತರಿಸಿ ಬಿಸಾಡಿದರು. "ಕಾಲಿದ್ರೆ ಯಾರೋ ಮತ್ತೆ ಡಬ್ಬಿಗೆ ಹಾಕ್ತಾರೆ. ಮುಂದಿನ ಮಕ್ಕಳು ತಮ್ಮ ತಲೆನೇ ಸರಿಯಿಲ್ಲ ಅಂದ್ಕತ್ತಾರೆ."

ಇನ್ನೊಂದು ಟ್ರಾನ್ಸಿಸ್ಟರ್ ಹಾಕಿದೆವು. ಸಿಗ್ನಲ್ಲಿನ ಕಿರಿದಾದ ಅಲೆಯೊಂದು ಆಸಿಲೋಸ್ಕೋಪಿನ ಪರದೆಯ ಮೇಲೆ ದೊಡ್ಡದಾಗಿ ಎದ್ದು ನಿಂತಾಗ ನಾನು ಚಿಕ್ಕ ಮಗುವಿನ ಹಾಗೆ ಕೂಗಿಬಿಟ್ಟೆ. ಲೆಕ್ಕ ಹಾಕಿದರೆ ಅಲೆ ನಲವತ್ತು ಪಟ್ಟು ಬೆಳೆದಿತ್ತು. ಸೀನಿಯರ್ ರೆಕಾರ್ಡಿನಲ್ಲಿ ನೂರಿತ್ತು. ಯಾವುದು ಬರೆಯಲಿ ಎಂದು ಕೇಳಿದೆ.

"ಬಂದದ್ದು ಬರಿ. ಅದು ನಿಂದು. ನೂರು ಯಾರ್ದೋ."

ಎಲೆಕ್ಟ್ರಾನಿಕ್ಸ್ ನನಗೆ ಒಲಿದದ್ದು ಆ ಮಧ್ಯಾಹ್ನ. ಮೂರು ವರ್ಷದ ನೋಟ್ಸ್ ಕೊಡದಿದ್ದುದನ್ನು ಬೆಂಚು ಒರೆಸುವವರು ಅರ್ಧ ಗಂಟೆಯಲ್ಲಿ ಕೊಟ್ಟರು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಅದೇ ಆಂಪ್ಲಿಫೈಯರ್ ಬಂತು. ಮೀಟರ್ ಇಟ್ಟು ನೋಡಿದರೆ ಟ್ರಾನ್ಸಿಸ್ಟರಿಗೆ ಜೀವವಿಲ್ಲ. ಬೇರೆ ಕೊಡಿ ಎಂದೆ. ಸರ್ ಹತ್ತಿರ ಬಂದು ಮೆಲ್ಲಗೆ, "ರೀಡಿಂಗ್ ಬಾಯಿಪಾಠ ಇದೆಯಲ್ಲ, ಬರೆದು ಬಿಡಮ್ಮ" ಎಂದರು. ನಾನು ಬರೆಯದೆ ನಿಂತೆ. ಹೊರಗಿನಿಂದ ಬಂದ ಪರೀಕ್ಷಕರು, "ಬೆಳಿಗ್ಗೆ ಬ್ಯಾಚಿನವರಿಗೆ ಇದೇ ಬೆಂಚಲ್ಲಿ ಚಂದದ ಗ್ರಾಫ್ ಬಂದಿದೆ. ನಿನಗ್ಯಾಕಮ್ಮ ಬರಲ್ಲ?" ಎಂದರು. ಫೇಲಾದರೆ ಒಂದು ವರ್ಷ ಹೋಯಿತು, ಎಂಎಸ್ಸಿ ಸೀಟೂ ಹೋಯಿತು. ಕಣ್ಣು ತುಂಬಿ ಮೀಟರಿನ ಅಂಕಿ ಕಾಣದಾಯಿತು.

ಪರೀಕ್ಷೆಯ ಹೊತ್ತಿನಲ್ಲಿ ಅಟೆಂಡರ್ ಬಾಯಿ ತೆಗೆಯುವಂತಿಲ್ಲ. ಆದರೂ ಅಟೆಂಡರಣ್ಣ ಸೀದಾ ಬಂದರು, ಟ್ರಾನ್ಸಿಸ್ಟರ್ ಕಿತ್ತರು, ಪರೀಕ್ಷಕರ ಕಣ್ಣೆದುರೇ ಮೀಟರಿಟ್ಟು ತೋರಿಸಿ ಕಾಲು ಕತ್ತರಿಸಿದರು.

"ಇದು ಬೆಳಿಗ್ಗೆನೇ ಸತ್ತಿತ್ತು ಸರ್, ನಮ್ಮ ಸರ್ ಹತ್ರ ನಾನು ಹೇಳಿದ್ದೆ. ಬೆಳಿಗ್ಗೆ ಗ್ರಾಫ್ ಎಲ್ಲಿಂದ ಬಂತು, ಅದನ್ನ ಕೇಳಿ. ಈ ಹುಡುಗಿ ತಪ್ಪಿಲ್ಲ."

ಬೀರುವಿನ ಬೀಗ ತೆಗೆಯದೆ ಸರ್‌ಗೆ ಬೇರೆ ದಾರಿಯಿರಲಿಲ್ಲ. ಹೊಸ ಟ್ರಾನ್ಸಿಸ್ಟರಿನಲ್ಲಿ ನನ್ನ ಅಲೆ ಎದ್ದಿತು, ನಾನು ಪಾಸಾದೆ.

ಒಂದು ವಾರಕ್ಕೆ ಸರ್ ನಮ್ಮನ್ನು ಕೋಣೆಗೆ ಕರೆದರು. ಮೇಜಿನ ಮೇಲೊಂದು ದೂರಿನ ಪತ್ರ. ಅಟೆಂಡರ್ ಪರೀಕ್ಷೆಯಲ್ಲಿ ಅಡ್ಡಿ ಮಾಡಿದರು, ಲ್ಯಾಬಿನ ಸಾಮಾನು ಹಾಳುಮಾಡಿದರು, ವಿದ್ಯಾರ್ಥಿಗಳಿಗೆ ಇದರಿಂದ ತೊಂದರೆಯಾಯಿತು ಎಂದೆಲ್ಲ ಅದರಲ್ಲಿತ್ತು. "ಇಂಟರ್ನಲ್ ಮಾರ್ಕ್ಸ್ ಇನ್ನೂ ಕಳಿಸಿಲ್ಲ" ಎಂದು ಸರ್ ಪೆನ್ನು ಮುಂದೆ ಸರಿಸಿದರು. ಮೂರನೆಯ ಸಹಿ ನನ್ನದು. ಹೊಟ್ಟೆಗೆ ಅನ್ನ ತಿನ್ನುವವರು ಮಾಡುವ ಕೆಲಸವೇ ಅದು?

ಅವರನ್ನು ಲ್ಯಾಬಿನಿಂದ ತೆಗೆದು ಗೇಟಿಗೆ ಹಾಕಿದರು. ಬೆಲ್ಲು ಹೊಡೆಯುವುದು, ಗೇಟು ಮುಚ್ಚುವುದು. ಮಾರ್ಕ್ಸ್ ಕಾರ್ಡಿಗೆಂದು ಹೋದಾಗ ತಲೆ ತಗ್ಗಿಸಿ ದಾಟುತ್ತಿದ್ದೆ, ಅವರೇ ಕರೆದರು.

"ಸೈನ್ ಮಾಡೋವಾಗ ಓದಿದ್ಯಾ?"

"ಓದಿದೆ."

"ಹಂಗಾರೆ ಸರಿ" ಎಂದು ಬೆಲ್ಲು ಹೊಡೆಯಲು ಎದ್ದು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ನಾನು ಸಾಗರದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮೇಡಂ. ಸತ್ತ ಟ್ರಾನ್ಸಿಸ್ಟರಿನ ಕಾಲು ಕತ್ತರಿಸುತ್ತೇನೆ, ಸೀನಿಯರ್ ರೆಕಾರ್ಡ್ ಕಂಡರೆ ಹರಿದು ಹಾಕುತ್ತೇನೆ. ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ ಅಂತ ಮಕ್ಕಳು ಆಡಿಕೊಳ್ಳುತ್ತವೆ. ಆಡಿಕೊಳ್ಳಲಿ.

ಕಳೆದ ವರ್ಷ, ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ, ಅಟೆಂಡರಣ್ಣ ತೀರಿಕೊಂಡರು. ತೀರ್ಥಹಳ್ಳಿಯ ಕಾಲೇಜಿನಲ್ಲಿ ಸಂತಾಪ ಸಭೆ, ನಾನೂ ಹೋದೆ. ರಿಟೈರಾಗಿದ್ದ ಸರ್ ವೇದಿಕೆ ಹತ್ತಿ, "ಲ್ಯಾಬೇ ಅವರ ಪ್ರಾಣವಾಗಿತ್ತು" ಎಂದರು. ನನಗೆ ತಡೆಯಲಾಗಲಿಲ್ಲ.

"ಆ ಪ್ರಾಣ ತೆಗೆದವರು ಯಾರು ಸರ್?"

"ಹಳೇದೆಲ್ಲ ಈಗ್ಯಾಕೆ, ಬಿಡಮ್ಮ."

"ಬಿಡಲ್ಲ ಸರ್."

ಬೀರು, ಬೀಗ, ದೂರಿನ ಪತ್ರ, ಮೂರನೆಯ ಸಹಿ, ಎಲ್ಲವನ್ನೂ ತುಂಬಿದ ಸಭೆಗೆ ಹೇಳಿದೆ. ಸರ್ ಕೆಳಗಿಳಿದು ಹೊರಟೇಹೋದರು. ಗೆದ್ದೆ ಅನ್ನಿಸಿದ್ದು ಸುಳ್ಳಲ್ಲ. ಆಗ ಮುಂದಿನ ಸಾಲಿನಲ್ಲಿದ್ದ ಅಟೆಂಡರಣ್ಣನ ಹೆಂಡತಿ ಎದ್ದು ಬಂದು ನನ್ನ ಕೈ ಹಿಡಿದರು.

"ಚಂದ ಹೇಳಿದ್ಯವ್ವ. ಅವ್ರು ಕೇಳೋ ಹಂಗಿದ್ದಾಗ ಒಂದ್ಸಲ ಬಂದು ಹೇಳ್ಬೇಕಿತ್ತು."

ಹದಿಮೂರು ವರ್ಷ ಅವರು ಆ ಗೇಟಿನಲ್ಲಿ ಕೂತಿದ್ದರು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ದಿನವೂ ಬಸ್ಸಿತ್ತು.