ಖಾಲಿ ಹೋಗದ ಬೋಗುಣಿ

ಆಗ ನಾವು ಜಪಾನಿನಲ್ಲಿ, ಓಜಿಮಾದ ಹಳೆಯ ಅಪಾರ್ಟ್‌ಮೆಂಟೊಂದರಲ್ಲಿದ್ದೆವು. ನಾನು ಮೂರನೇ ಕ್ಲಾಸು. ಚಳಿಗಾಲದ ಸಂಜೆ ಪಕ್ಕದ ಮನೆಯಿಂದ ಚೀಸು ಕೆಂಪಗಾಗುವ ವಾಸನೆ ಬಂದರೆ ನನ್ನ ಹೋಂವರ್ಕು ಅಲ್ಲಿಗೇ ನಿಲ್ಲುತ್ತಿತ್ತು. ಅಲ್ಲಿ ಒಬ್ಬರೇ ಇದ್ದ ಅಜ್ಜಿ, ಒಕಾದಾ ಸಾನ್.

ಒಂದು ದಿನ ಅಜ್ಜಿಯೇ ಕಂದು ಪಿಂಗಾಣಿ ಬೋಗುಣಿಯಲ್ಲಿ ಮ್ಯಾಕರೋನಿ ಗುರಾತಾನ್ ತಂದುಕೊಟ್ಟರು. ಒಳಗೆ ಬಿಳಿ ಸಾಸು, ಮೇಲೆ ಬ್ರೆಡ್ ಪುಡಿ, ಗರಿಗರಿ ಚೀಸು. ಅಮ್ಮ ಚಮಚದಲ್ಲಿ ಕೆದಕಿ ನೋಡಿದಳು.

"ಸೀಗಡಿ ಇದೆ ಕಣೆ."

ನನಗೆ ಅಳುವೇ ಬಂತು. ಗುರಾತಾನ್ ಕೆಳಗಿನ ಮಹಡಿಯ ಬಂಗಾಳಿ ಆಂಟಿಯ ಪಾಲಾಯಿತು.

"ಬೋಗುಣಿ ತೊಳೆದು ಕೊಟ್ಟು ಅರಿಗಾತೋ ಅಂದ್ರೆ ಮುಗೀತು," ಎಂದರು ಅಪ್ಪ.

"ಖಾಲಿ ಪಾತ್ರೆ ಯಾರಾದ್ರೂ ವಾಪಸ್ ಕೊಡ್ತಾರೇನ್ರಿ?"

ಅಮ್ಮ ತನ್ನ ಮೈಸೂರಿನ ರೀತಿಯಲ್ಲಿ ಮಾಡಿದಳು. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆಗೆ ಬೆಂದ ಮ್ಯಾಕರೋನಿ, ಇಳಿಸುವಾಗ ಚೀಸು, ನಿಂಬೆರಸ. ಉಪ್ಪಿಟ್ಟಿನ ದಾಯಾದಿ ಎನ್ನಬಹುದು. ಕೊಡಲು ಹೋದವಳು ನಾನು. ನಾವು ಸೀಗಡಿ ತಿನ್ನುವುದಿಲ್ಲ, ಆದರೆ ನನಗೆ ಗುರಾತಾನ್ ಬೇಕೇ ಬೇಕು ಎಂದು ಜಪಾನೀಸಿನಲ್ಲಿ ಹೇಳಿಯೇ ಬಂದೆ.

ಖಾಲಿ ಪಾತ್ರೆ ಕೊಡುವ ಅಭ್ಯಾಸ ಒಕಾದಾ ಸಾನ್‌ಗೂ ಇರಲಿಲ್ಲ. ಮುಂದಿನ ವಾರ ಅದೇ ಬೋಗುಣಿಯಲ್ಲಿ ಸಿಹಿಗುಂಬಳ, ಅಣಬೆಯ ಗುರಾತಾನ್ ಬಂತು. ನಾಲಿಗೆ ಸುಟ್ಟುಕೊಂಡೇ ತಿಂದೆ. ಅಮ್ಮ ಮತ್ತೆ ತುಂಬಿಸಿ ಕಳಿಸಿದಳು. ಆ ಚಳಿಗಾಲವೆಲ್ಲ ಬೋಗುಣಿಗೆ ಎರಡೂ ಮನೆಯ ನಡುವೆ ಓಡಾಟ. ಬರಬರುತ್ತ ಅಮ್ಮನದರ ಮೇಲೆ ಬ್ರೆಡ್ ಪುಡಿ ಕಂಡಿತು, ಅಜ್ಜಿಯದರಲ್ಲಿ ಅಮ್ಮ ಕೊಟ್ಟ ಕರಿಬೇವು. ಯಾರದು ಯಾವುದೆಂದು ಅಪ್ಪನಿಗೆ ಗೊತ್ತಾಗುವುದೂ ನಿಂತಿತು.

ಮಾರ್ಚ್ ರಜೆಗೆ ಮೈಸೂರಿಗೆ ಹೊರಟಾಗ ಬೋಗುಣಿ ನಮ್ಮಲ್ಲಿತ್ತು.

"ಬಂದ್ಮೇಲೆ ತುಂಬಿಸಿ ಕೊಟ್ರಾಯ್ತು ಬಿಡು," ಎಂದಳು ಅಮ್ಮ.

ವಾಪಸಾದಾಗ ಪಕ್ಕದ ಬಾಗಿಲಲ್ಲಿ ಹೆಸರಿನ ಫಲಕ ಇರಲಿಲ್ಲ. ಮಗಳು ಬಂದು ಅಜ್ಜಿಯನ್ನು ಹಿರೋಷಿಮಾಕ್ಕೆ ಕರೆದುಕೊಂಡು ಹೋದಳಂತೆ. ಹೇಳಿದ ಬಂಗಾಳಿ ಆಂಟಿಗೆ ವಿಳಾಸ ಗೊತ್ತಿರಲಿಲ್ಲ. ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಆ ಬೋಗುಣಿ ಈಗ ಜಪಾನಿನಲ್ಲೇ, ವಾಕೋ ಎಂಬ ಊರಿನ ನನ್ನ ಮನೆಯಲ್ಲಿದೆ. ಚಳಿ ಶುರುವಾದರೆ ಅದರಲ್ಲೇ ಮ್ಯಾಕರೋನಿ ಓವನ್ನಿನಲ್ಲಿ ಬೇಯಿಸುತ್ತೇನೆ, ಬ್ರೆಡ್ ಪುಡಿ, ಕರಿಬೇವು ಎರಡೂ ಹಾಕಿ. ರುಚಿ ಹೆಚ್ಚುಕಡಿಮೆ ಅದೇ. ಇಲ್ಲಿನ ಪಕ್ಕದ ಮನೆಯವರ ಹೆಸರು ಮಾತ್ರ ನನಗೆ ಗೊತ್ತಿಲ್ಲ. ತಿಂದು, ತೊಳೆದು, ಒರೆಸಿ, ಬೋಗುಣಿಯನ್ನು ಖಾಲಿಯಾಗಿಯೇ ಕಪಾಟಿನಲ್ಲಿಡುತ್ತೇನೆ.