ಬಾಯಿ ಮುಟ್ಟದ ಕೈ

ನಮ್ಮ ಮನೆತನದಲ್ಲಿ ಅಕ್ಷರ ಕಲಿತವನು ನಾನೊಬ್ಬನೇ. ಬಿ.ಎ. ಸುಮ್ಮನೆ ಬಂದದ್ದಲ್ಲ; ಅವ್ವ ಸಂಗನಕಲ್ಲಿನ ಗುಡ್ಡದಲ್ಲಿ ಕಲ್ಲು ಹೊತ್ತು ಓದಿಸಿದಳು. ಓದು ಮುಗಿಸಿ ಮದರಾಸಿನಿಂದ ಬಳ್ಳಾರಿಗೆ ಮರಳುವಾಗ ಒಂದು ಅಚ್ಚಿನ ಕಥೆಪುಸ್ತಕ ತಂದಿದ್ದೆ. ಹಸಿದು ಸತ್ತ ಕೂಸು ದೆವ್ವವಾಗಿ ತಾಯಿಯ ಬಾಗಿಲಿಗೆ ಬಂದು ಅನ್ನ ಕೇಳುತ್ತದೆ. ಕೊನೆಗೆ ಉಂಡು, ತಣ್ಣಗಾಗಿ ಹೋಗುತ್ತದೆ. ಅವ್ವನಿಗೆ ಓದಿ ಹೇಳಿದೆ. ದೊಡ್ಡ ಬರದಲ್ಲಿ ನನ್ನ ತಂಗಿಯೂ ಹಾಗೇ ಹಸಿದು ಹೋದವಳು. ಆದರೂ ಅವ್ವ ಹೆದರಲಿಲ್ಲ. ಪಾಪ, ಉಂಡಿತಲ್ಲ ಬಿಡು ಎಂದು ರೊಟ್ಟಿ ತಟ್ಟಲು ಎದ್ದಳು.

ತೊಗಲುಗೊಂಬೆ ಆಡಿಸುವ ಮುದುಕನೊಬ್ಬ ಆ ಕಥೆಯನ್ನು ನನ್ನಿಂದ ಓದಿಸಿಕೊಂಡು ಕುರುಗೋಡಿನಲ್ಲಿ ಆಡಿದ. ನಾನು ತಂದ ಪುಸ್ತಕ ಪರದೆಗೆ ಬಂತೆಂದು ಹೆಮ್ಮೆಯಿಂದ ಅವ್ವನನ್ನು ಗಾಡಿಯಲ್ಲಿ ಕರೆದೊಯ್ದೆ.

ಹಳೆಯ ಗೊಂಬೆಗಳನ್ನು ಗೊಂಬೆಯಾಟದವರು ಎಸೆಯುವುದಿಲ್ಲ, ಸಿರುಗುಪ್ಪದ ಕಡೆ ಹೊಳೆಗೆ ಬಿಡುತ್ತಾರೆ. ಆ ವರ್ಷ ಮುದುಕ ಹೊಳೆಗೆ ಹೋಗಿರಲಿಲ್ಲ. ಬಿಡಬೇಕಾದ ಕೂಸಿನ ಗೊಂಬೆಯೊಂದು ಪೆಟ್ಟಿಗೆಯಲ್ಲೇ ಇತ್ತು. ಬಣ್ಣ ಹೋಗಿ, ಬೆಳಕು ಹಾಯಲು ಕೊರೆದ ಪಕ್ಕೆಯ ತೂತುಗಳಷ್ಟೇ ಉಳಿದಿದ್ದವು. ದೆವ್ವಕ್ಕೆ ಇದೇ ಸರಿ ಎಂದು ಅದನ್ನೇ ಎತ್ತಿಕೊಂಡ.

ಪುಸ್ತಕದಲ್ಲಿ ಉಂಡಿತು ಎಂಬುದು ಒಂದೇ ಮಾತು. ಓದಿ ಮುಂದೆ ಹೋಗಬಹುದು. ಪರದೆಯ ಮೇಲೆ ಆ ಕೈ ಬಾಯಿಗೆ ಹೋಗಲೇಬೇಕು. ಗೊಂಬೆಯ ಮೊಣಕೈಯ ಹೊಲಿಗೆ ಒಣಗಿ ಬಿಗಿದಿತ್ತು. ಮುದುಕ ಕಡ್ಡಿ ಅಲ್ಲಾಡಿಸಿದ, ಮತ್ತೆ ಅಲ್ಲಾಡಿಸಿದ. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಡುಗಿತು. ಉಂಡಿತು, ಉಂಡಿತು ಎಂದು ಅವನು ಹಾಡಿದ.

ಅಂದಿನಿಂದ ಅವ್ವ ತನ್ನ ಪಾಲಿನ ರೊಟ್ಟಿಯನ್ನು ಹೊಸ್ತಿಲಲ್ಲಿಟ್ಟು, ತಾನು ನೀರು ಕುಡಿದು ಮಲಗತೊಡಗಿದಳು. ಮೈ ಇಳಿದು ಕಡ್ಡಿಯಾಯಿತು. ನಾನು ಪುಸ್ತಕ ತಂದು ಕೊನೆಯ ಪುಟ ಮತ್ತೆ ಓದಿದೆ.

"ನಿನ್ನ ಪುಸ್ತಕದಾಗ ಉಂಡೈತಿ ಅಂತ ಬರದಾರ," ಎಂದಳು. "ನಾ ನೋಡಿದ ಕೂಸು ಉಣ್ಣಲಿಲ್ಲಲೇ."

ಸಿರುಗುಪ್ಪಕ್ಕೆ ಹೋಗಿ ಮುದುಕನನ್ನು ಹುಡುಕಿದೆ. ಹೊಲಿಗೆ ಸಡಿಲಿಸಿ ಇನ್ನೊಮ್ಮೆ ಆಡು, ಅವ್ವ ನೋಡಲಿ ಎಂದು ಬೇಡಿದೆ. ಆ ಗೊಂಬೆಯನ್ನು ಹೊಳೆಗೆ ಬಿಟ್ಟಾಯಿತು, ಬಿಟ್ಟದ್ದನ್ನು ತಿರುಗಿ ಕರೆಯುವ ಪದ್ಧತಿ ನಮ್ಮಲ್ಲಿಲ್ಲ ಎಂದ. ಬೇರೆ ಗೊಂಬೆಯಾದರೂ ಆಗಲಿ ಎಂದೆ. ಬೇರೆಯವರ ಕೂಸು ಉಂಡರೆ ನಿಮ್ಮ ಅವ್ವನಿಗೆ ಏನು ಬಂತು ಸ್ವಾಮಿ ಎಂದು ಮುಖ ತಿರುಗಿಸಿದ.

ಮನೆಗೆ ಬಂದು, ಅಲ್ಲಿ ಮತ್ತೆ ಆಡಿಸಿದರು, ಕೂಸು ಹೊಟ್ಟೆ ತುಂಬ ಉಂಡಿತು ಎಂದೆ. ಅವ್ವ ನನ್ನ ಮುಖವನ್ನೇ ನೋಡಿದಳು.

"ನೋಡಿದ್ದಲ್ಲಪ್ಪ ಇದು. ಓದಿದ್ದು ಹೇಳಾಕತ್ತಿ," ಎಂದು ರೊಟ್ಟಿಯ ತಾಟನ್ನು ಬಾಗಿಲ ಕಡೆ ಸರಿಸಿದಳು.