ಹೊಸ ಪಂಪಿಗೆ ಆರತಿ

ಕೊಪ್ಪಳದಿಂದ ಬಂದು ಜೀಡಿಮೆಟ್ಲಾದಲ್ಲಿ ಗ್ಯಾರೇಜ್ ಇಟ್ಟ ಹುಲಗೇಶ ಹಿರಿಯರ ಮುಂದೆ ದನಿ ಎತ್ತಿದವನಲ್ಲ. ಅಂಥವನೂ ಅಂದು ಕಿರುಚಿಬಿಟ್ಟ. ಗಿರಾಕಿ ಕೌಶಲ್‌ನ ಟರ್ಬೊ ಸ್ಪೋರ್ಟ್ಸ್ ಕಾರಿಗೆ ಇನ್ನೂ ಜೋರಾಗಿ ಪೆಟ್ರೋಲ್ ತಳ್ಳುವ ಪಂಪ್ ಕೂಡಿಸಲೆಂದು ಅವನು ಟ್ಯಾಂಕಿನ ಬಾಯಿ ತೆರೆದಿದ್ದ. ಕೌಶಲ್‌ನ ಅಜ್ಜಿ ಪಕ್ಕದಲ್ಲೇ ಆರತಿ ತಟ್ಟೆ ಹಿಡಿದು ಬೆಂಕಿಪೆಟ್ಟಿಗೆ ತೆಗೆದರು!

“ಅಮ್ಮಾರ, ಕಡ್ಡಿ ಗೀರಬ್ಯಾಡ್ರಿ! ಗ್ಯಾರೇಜ್ ಸಮೇತ ಸ್ವರ್ಗಕ್ಕ ಹೋಗ್ತೀವಿ!”

“ಪೂಜಿ ಇಲ್ದ ಹೊಸಾದು ಕೂಡಸ್ತಾರೇನೋ?” ಅಜ್ಜಿಯ ಮುಖ ಬಾಡಿತು.

ಹುಲಗೇಶ ಟ್ಯಾಂಕ್ ಮುಚ್ಚಿ, ಪಂಪಿನ ಡಬ್ಬಿಯನ್ನು ತಲೆಯ ಮೇಲೆ ಹೊತ್ತು, ಅಜ್ಜಿಯನ್ನು ರಸ್ತೆಯಾಚೆ ಕರೆದೊಯ್ದ. ಅಲ್ಲಿ ಡಬ್ಬಿ ತೆರೆದಿಟ್ಟ ಮೇಲೆ ಆರತಿ ಸಾಂಗವಾಯಿತು. ಆದರೆ ಅಜ್ಜಿ ಪಂಪಿನತ್ತ ಕುಂಕುಮದ ಬೆರಳು ಚಾಚಿದಾಗ ಅವನು ಗಾಬರಿಯಿಂದ ಹಣೆ ಅಡ್ಡ ಒಡ್ಡಿದ.

“ಅದರ ಪೆಟ್ರೋಲ್ ಸೋಸೋ ಜಾಳಗಿ ಕಟ್ಟಿಕೊಂತೈತ್ರಿ. ಅದರ ಪಾಲಿಂದು ನನಗ ಹಚ್ಚರಿ!”

ಅಜ್ಜಿ ನಗುತ್ತ ಹಣೆ ತುಂಬ ಬಳಿದರು.